ಮುಂಜಾನೆ ಮಾತ್ರ ಕೆಡುತ್ತಿದ್ದ ಸಿಆರ್‌ಓ

"ಇಷ್ಟು ವರ್ಷ ಆತು, ಇನ್ನೂ ಆ ಸಿಟ್ಟು ಇಟಗೊಂಡು ಕುಂತೀರಲ್ರೀ" ಎಂದು ಮನೆಯಲ್ಲಿ ಹೆಂಡತಿ ಅನ್ನುತ್ತಾಳೆ. ಇಟ್ಟುಕೊಂಡಿದ್ದೇನೆ. ಯಾಕೆ ಇಟ್ಟುಕೊಳ್ಳಬಾರದು? ರಾಣೆಬೆನ್ನೂರಿನ ಆ ಲ್ಯಾಬು, ಅದರ ಮೂಲೆಯ ಮೇಜು, ಮೇಜಿನ ಮೇಲೆ ಕೂತಿದ್ದ ಆ ಹಳೆಯ ಸಿಆರ್‌ಓ ನೆನಪಾದರೆ ಯಾರಿಗಾದರೂ ಬೈಯಬೇಕು ಎನಿಸುತ್ತದೆ. ಬೈಸಿಕೊಳ್ಳಬೇಕಾದವರ ಸಾಲಿನಲ್ಲಿ ಮೊದಲು ನಿಂತವನು ನಾನೇ, ಹಾಗಾಗಿ ಆ ಸಿಟ್ಟಿಗೆ ಹೋಗಲು ಬೇರೆ ಜಾಗವೂ ಇಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನು ರಾಣೆಬೆನ್ನೂರಿನ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಮನೆ ಹಾವೇರಿಯಲ್ಲಿ. ದಿನಾ ಮುಂಜಾನೆಯ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ, ಲ್ಯಾಬಿನ ಬೀಗ ತೆಗೆದು, ಕಸ ಹೊಡೆಸಿ, ಮೇಜು ಒರೆಸಿ ಹುಡುಗರು ಬರುವುದರೊಳಗೆ ಎಲ್ಲವನ್ನೂ ಸಿದ್ಧ ಮಾಡುವುದು ನನ್ನ ಕೆಲಸ. ಸಿಆರ್‌ಓ ಅಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವೈರಿನೊಳಗೆ ಕರೆಂಟು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಅಂಗೈಯಗಲದ ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಪೆಟ್ಟಿಗೆ ಅದು. ನಮ್ಮದು ಯಾವುದೋ ಕಾರ್ಖಾನೆ ಬೇಡವೆಂದು ಬಿಟ್ಟ ಹಳೆಯ ಮಾಲು. ಎತ್ತಬೇಕಾದರೆ ಇಬ್ಬರು ಬೇಕು. ಆದರೆ ಅದರ ಗೆರೆ ನೋಡಬೇಕಿತ್ತು, ಕೂದಲೆಳೆಯಷ್ಟು ಸಣ್ಣ. ಲ್ಯಾಬಿನಲ್ಲಿ ಇನ್ನೆರಡು ಚಿಕ್ಕ ಸಿಆರ್‌ಓಗಳಿದ್ದವು, ಅವು ಇದ್ದೂ ಇಲ್ಲದ ಹಾಗೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ನಡೆಯಬೇಕಾದರೆ ಈ ಮುದುಕನೇ ಬೇಕು.

ನನಗೆ ಅದರ ಮೇಲೆ ಪ್ರೀತಿ. ಬರೀ ಪ್ರೀತಿಯೂ ಅಲ್ಲ, ಭಕ್ತಿ. ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸಾಹೇಬರ ಕೋಣೆಯ ಕಪಾಟಿನೊಳಗೆ ಬಿದ್ದಿದ್ದ ಅದನ್ನು ಹಿಂದಿನ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಲ್ಯಾಬಿಗೆ ತಂದು, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಮೂಲೆಯ ಮೇಜಿನ ಮೇಲೆ ಕೂರಿಸಿದ್ದೆ. ಅಂದಿನಿಂದ ದಿನಾ ಬಾಗಿಲು ತೆಗೆದ ಕೂಡಲೇ ಗೋಡೆಯ ಮೇಲಿನ ದೇವರ ಫೋಟೋಕ್ಕೆ ಒಂದು ಊದಿನಕಡ್ಡಿ, ಸಿಆರ್‌ಓಕ್ಕೆ ಒಂದು. ನಮ್ಮ ಕಡೆ ಇದೇನು ದೊಡ್ಡ ಮಾತಲ್ಲ. ಬಸ್ಸಿನ ಡ್ರೈವರು ಸ್ಟೇರಿಂಗಿನ ಹತ್ತಿರ ಸಿಗಿಸುತ್ತಾನೆ, ಗಿರಣಿಯವನು ಮೋಟಾರಿನ ಹತ್ತಿರ ಸಿಗಿಸುತ್ತಾನೆ. ಅನ್ನ ಕೊಡುವ ಯಂತ್ರ, ಕೈ ಮುಗಿದು ಶುರು ಮಾಡುತ್ತೇವೆ, ಅಷ್ಟೆ. ಸಿಆರ್‌ಓದ ತಲೆಯ ಮೇಲೆ ಬಿಸಿಗಾಳಿ ಹೋಗಲೆಂದು ಬಿಟ್ಟ ಸೀಳುಗಳಿದ್ದವು. ಕಡ್ಡಿ ಅಲ್ಲಿ ಸರಿಯಾಗಿ ನೆಟ್ಟಗೆ ನಿಲ್ಲುತ್ತಿತ್ತು.

ಇನ್ನು ಆ ಹುಡುಗಿ. ಬ್ಯಾಡಗಿಯವಳು, ಕೊನೆಯ ವರ್ಷದಲ್ಲಿದ್ದಳು. ಮುಸಲ್ಮಾನರ ಮನೆ, ಮನೆಯಲ್ಲಿ ಉರ್ದು, ನಮ್ಮ ಜೊತೆ ನಮ್ಮಂಥದೇ ಕನ್ನಡ. ತಂದೆ ಇರಲಿಲ್ಲ. ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದರು. ನಾನು ಹಾವೇರಿಯಲ್ಲಿ ಹತ್ತಿದ ಗಾಡಿಗೆ ಅವಳು ಬ್ಯಾಡಗಿಯಲ್ಲಿ ಹತ್ತುತ್ತಿದ್ದಳು, ಹಾಗಾಗಿ ಉಳಿದವರಿಗಿಂತ ಮುಕ್ಕಾಲು ತಾಸು ಮುಂಚೆ ಕಾಲೇಜು ಸೇರುತ್ತಿದ್ದಳು. ಬಂದವಳೇ ಲ್ಯಾಬಿಗೆ ಬಂದು, "ಚಾಲೂ ಮಾಡ್ಲ್ಯಾರಿ ಸರ?" ಎಂದು ಕೇಳಿ, ಆ ಮುದುಕನ ಮುಂದೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಕೈ ಹಗುರ. ನಾಬ್ ತಿರುಗಿಸುವಾಗ ಮಗುವಿನ ಕಿವಿ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಒಮ್ಮೆ ಅವಳೇ ಹೇಳಿದ್ದಳು: "ಈ ವರ್ಷ ಪಾಸಾಗಲೇಬೇಕ್ರಿ ಸರ. ನಮ್ಮ ಮಾಮಾ ಲಗ್ನಾ ಮಾಡ್ರಿ ಅಂತ ಕುಂತಾನ. ನಮ್ಮ ಅಮ್ಮೀನ ಇದೊಂದು ವರ್ಷ ಅಂತ ತಡದಾಳ್ರಿ. ಫೇಲ್ ಆದ್ರ ಮತ್ತ ಯಾರೂ ಕಳಸೂದಿಲ್ರಿ." ನಾನು ಹೂಂ ಅಂದಿದ್ದೆ. ಕೇಳಿಸಿಕೊಂಡಿದ್ದೆ, ಕಿವುಡನಾಗಿರಲಿಲ್ಲ.

ಮುಂಗಾರು ಹಿಡಿಯಿತು ನೋಡಿ, ಮುದುಕ ಕೆಟ್ಟ. ಒಂದು ದಿನ ಅವಳು ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ, "ಸರ, ಬರ್ರಿಲ್ಲೆ, ಗೆರಿ ದಪ್ಪ ಆಗಾಕತ್ತೈತ್ರಿ" ಎಂದು ಕೂಗಿದಳು. ಹೋಗಿ ನೋಡಿದರೆ ಕೂದಲೆಳೆಯಂತಿದ್ದ ಗೆರೆ ಬೆರಳುಗಾತ್ರ ಉಬ್ಬಿತ್ತು. ಇಂಟೆನ್ಸಿಟಿ ನಾಬ್ ತಿರುಗಿಸಿದರೆ ಬೆಳಕು ಕಡಿಮೆ ಆಗದು. ಫೋಕಸ್ ತಿರುಗಿಸಿದರೆ ಚೂಪಾಗದು. ಪರದೆಯ ತುಂಬ ಹಸಿರು ಮಬ್ಬು ಹರಡಿ, ಏನೂ ಓದಲು ಆಗದು. ಆರಿಸಿಬಿಡು ಎಂದೆ. ಮಧ್ಯಾಹ್ನ ಪಾಠ ಮುಗಿಸಿ ಬಂದು ಹಾಕಿದರೆ ಗೆರೆ ಸಣ್ಣ, ಚೂಪು, ಏನೂ ಆಗಿಯೇ ಇಲ್ಲ ಎಂಬಂತೆ ನಿಂತಿದೆ. ಮರುದಿನ ಮುಂಜಾನೆ ಮತ್ತೆ ಉಬ್ಬಿತು.

ನಾನು ರಿಪೇರಿಗೆ ಇಳಿದೆ. ನನ್ನ ಕೈಗೆ ಒಳ್ಳೆಯ ಹೆಸರಿತ್ತು, ಆ ಸೊಕ್ಕೂ ಇತ್ತು. ಪವರ್ ಸಪ್ಲೈ ಅಳೆದೆ, ಸರಿ ಇತ್ತು. ಹಳೆಯ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಇಂಟೆನ್ಸಿಟಿ ನಾಬಿನ ಹಿಂದೆ ತಿರುಗುವ ರೆಸಿಸ್ಟರ್, ಪಾಟ್ ಅನ್ನುತ್ತೇವೆ, ಸವೆದಿರಬೇಕೆಂದು ಅದನ್ನೂ ಬಿಚ್ಚಿ ಒರೆಸಿ ಹಾಕಿದೆ. ಪಿಕ್ಚರ್ ಟ್ಯೂಬಿಗೆ ಹೋಗುವ ಎರಡು ಸಾವಿರ ವೋಲ್ಟಿನ ಲೈನನ್ನು ಕೆಳಗಿನಿಂದ ಕೈ ತೂರಿಸಿ ಹೈ ವೋಲ್ಟೇಜ್ ಪ್ರೋಬ್ ಹಿಡಿದು ನೋಡಿದೆ, ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ಈಗ ಕೇಳಿ ನನ್ನ ಜಾಣತನ. ಇಷ್ಟೆಲ್ಲವನ್ನೂ ನಾನು ಮಾಡಿದ್ದು ಮಧ್ಯಾಹ್ನ ಮೂರರ ಮೇಲೆ, ಹುಡುಗರೆಲ್ಲ ಹೋದ ಬಳಿಕ. ಮುಂಜಾನೆ ನನಗೆ ಪುರಸೊತ್ತು ಇರಲಿಲ್ಲ. ರೋಗಿ ಜ್ವರ ಬಿಟ್ಟು ಎದ್ದು ಕೂತಾಗ ಹೋಗಿ ನಾಡಿ ಹಿಡಿದು, ಜ್ವರವೇ ಇಲ್ಲವಲ್ಲ ಎಂದು ಬರುತ್ತಿದ್ದೆ. ಥೂ ನನ್ನ!

ಆ ಹುಡುಗಿ ಒಂದು ದಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಜರ್ನಲ್ಲಿತ್ತು, ಪ್ರಯೋಗಗಳನ್ನು ಬರೆಯುವ ದಪ್ಪ ಪುಸ್ತಕ.

"ಸರ, ಇದು ಮುಂಜಾನಿ ಅಷ್ಟ ಹಿಂಗ ಮಾಡತೈತ್ರಿ. ನಾ ದಿನಾ ಬರ್ಕೊಂಡೇನ್ರಿ, ಎಷ್ಟೊತ್ತಿಗೆ ಕೆಡತೈತಿ, ಎಷ್ಟೊತ್ತಿಗೆ ಸರಿ ಆಗತೈತಿ ಅಂತ. ಒಂದೀಟು ನೋಡ್ತೀರೇನ್ರಿ?"

ನಾನು ನೋಡಲಿಲ್ಲ. ಕೈ ಚಾಚಿ ಪುಸ್ತಕ ಇಸಿದುಕೊಳ್ಳುವಷ್ಟು ಸೌಜನ್ಯವೂ ನನಗಿರಲಿಲ್ಲ. "ಬರ್ಕೊಳ್ಳೂದು ಹೋಗ್ಲಿ ಬಿಡವಾ. ಮೊದ್ಲ ಆ ನಾಬ್ ತಿರುವೂದು ಬಿಡು. ನೀ ಕುಂತಾಗ ಅಷ್ಟ ಯಾಕ ಕೆಡತೈತಿ?" ಅಂದೆ. ಅವಳ ಮುಖ ಸಣ್ಣದಾಯಿತು. "ನಾ ಏನೂ ಮಾಡಿಲ್ರಿ ಸರ" ಅಂದಳು. ಜರ್ನಲ್ ಎದೆಗೆ ಅವಚಿಕೊಂಡು ಹೋಗಿ ಕೂತಳು.

ಕಡೆಗೆ ಹುಬ್ಬಳ್ಳಿಯಲ್ಲಿ ಇಂಥ ಯಂತ್ರ ರಿಪೇರಿ ಮಾಡುವವನೊಬ್ಬನ ಹತ್ತಿರ ಕಳಿಸಿದೆವು. ಅವನು ತನ್ನ ಒಣ ಖೋಲಿಯಲ್ಲಿ ಎರಡು ದಿನ ಹಗಲೆಲ್ಲ ಚಾಲೂ ಇಟ್ಟು ನೋಡಿದ. ಹುಳುಕು ತೋರಿದರೆ ತಾನೇ ಮುಚ್ಚಳ ಬಿಚ್ಚುವುದು? ಹಾಗೇ ವಾಪಸು ಕೊಟ್ಟ. ಅದನ್ನು ತರಲು ಹೋದ ನನ್ನನ್ನು ನೋಡಿ ನಕ್ಕ. "ಸರ, ಇದಕ್ಕ ಏನೂ ಆಗಿಲ್ಲ. ದೃಷ್ಟಿ ಆಗೇತಿ ನೋಡ್ರಿ. ಚೆಂದಾಗಿ ಇಳಿ ತಗೀರಿ, ಎಲ್ಲಾ ಸರಿ ಹೋಗತೈತಿ." ಚೇಷ್ಟೆಗೆ ಅಂದ ಮಾತದು. ನಾನು ಚೇಷ್ಟೆ ಎಂದು ತಿಳಿಯದವನಲ್ಲ. ಆದರೂ ಮರುದಿನದಿಂದ ಸಿಆರ್‌ಓದ ಮೇಲೆ ಒಂದಕ್ಕೆ ಎರಡು ಊದಿನಕಡ್ಡಿ ಸಿಗಿಸತೊಡಗಿದೆ.

ಹುಬ್ಬಳ್ಳಿಯಿಂದ ಬಂದ ಮೇಲೆ ಗೆರೆ ಇನ್ನೂ ಜಾಸ್ತಿ ಕೆಟ್ಟಿತು. ಎಚ್‌ಓಡಿ ಸಾಹೇಬರು ನನ್ನನ್ನು ಕರೆದು ಕೇಳಿದರು. "ರಿಪೇರಿಯವ ಏನೂ ಆಗಿಲ್ಲ ಅಂತಾನ. ನೀವು ಅಳದ್ರ ಎಲ್ಲಾ ಸರಿ ಐತಿ. ಹಂಗಾದ್ರ ಕೆಡಸಾಕತ್ತೋರು ಯಾರ್ರಿ?" ಆಗ ನನ್ನ ಬಾಯಲ್ಲಿ ಬಂದ ಮಾತನ್ನು ಇಲ್ಲಿ ಬರೆಯಲೇಬೇಕು. "ಮುಂಜಾನೆ ಆ ಬ್ಯಾಡಗಿ ಹುಡುಗಿ ಒಬ್ಬಾಕಿನ ಕುಂತಿರ್ತಾಳ್ರಿ. ಇಂಟೆನ್ಸಿಟಿ ಪೂರಾ ತಿರುವಿರ್ತಾಳೋ ಏನೋ" ಅಂದೆ. ಏನೋ ಅಂತೆ! ನೋಡಿದ್ದೆನೇ? ಇಲ್ಲ. ಅವಳು ಹಗುರ ಕೈಯವಳು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಕೈಯ ಹೆಸರು ಉಳಿಯಬೇಕಿತ್ತು, ಒಂದು ಹುಡುಗಿಯ ತಲೆಯ ಮೇಲೆ ಗೂಬೆ ಕೂರಿಸಿದೆ. ಸಾಹೇಬರು ಡ್ಯಾಮೇಜ್ ರಜಿಸ್ಟರ್ ತೆಗೆದು ಅವಳ ರೋಲ್ ನಂಬರಿನ ಮುಂದೆ "ಬೇಜವಾಬ್ದಾರಿ ಬಳಕೆಯಿಂದ ಸಿಆರ್‌ಓ ಹಾನಿ" ಎಂದು ಬರೆದರು. ಪಕ್ಕದಲ್ಲಿ ಸಹಿ ಮಾಡಿದವನು ನಾನು.

ಅದರ ಮೇಲೆ ಅವಳನ್ನು ಲ್ಯಾಬಿನಿಂದ ಹೊರಗಿಟ್ಟರು. ಅವಳ ಜರ್ನಲ್ ಇಸಿದುಕೊಂಡು ಸಾಹೇಬರ ಕಪಾಟಿನಲ್ಲಿಟ್ಟರು. ಜರ್ನಲ್ಲಿಗೆ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆಗೆ ಕೂರದಿದ್ದರೆ ಆ ವರ್ಷ ಹೋಯಿತು, ವರ್ಷ ಹೋದರೆ ಮಾಮಾ ಇದ್ದಾನಲ್ಲ. ಇದೆಲ್ಲ ನನಗೆ ಅವಳೇ ಹೇಳಿದ್ದ ಲೆಕ್ಕ. ನವೆಂಬರ್ ಬಂತು. ಪರೀಕ್ಷೆಗೆ ಎರಡು ವಾರ ಇರುವಾಗ ಅವಳು ಗಾಡಿಗೆ ಬರುವುದನ್ನೂ ಬಿಟ್ಟಳು. ಬ್ಯಾಡಗಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ನಾನು ಕಿಟಕಿಯ ಈಚೆಗೆ ಮುಖ ತಿರುಗಿಸಿ ಪೇಪರ್ ಓದುತ್ತಿದ್ದೆ.

ಅವಳಿಲ್ಲದ ಆ ದಿನಗಳಲ್ಲಿ ಬಿಸಿಲಿತ್ತು, ಸಿಆರ್‌ಓ ತಕರಾರು ಮಾಡಲಿಲ್ಲ. "ನೋಡ್ರಿ, ನಾ ಹೇಳಲಿಲ್ಲೇನು?" ಎಂದು ಸಾಹೇಬರು ಮೀಸೆಯಡಿ ನಕ್ಕರು. ನನಗೂ ಸಮಾಧಾನವಾಯಿತು. ಆಗಿದ್ದು ಹೌದು, ಸಮಾಧಾನವೇ ಆಯಿತು.

ಪರೀಕ್ಷೆಯ ಹಿಂದಿನ ದಿನ ಎಲ್ಲೋ ಸಮುದ್ರದಲ್ಲಿ ತೂಫಾನೆದ್ದು ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿಯಿತು. ಲ್ಯಾಬಿನ ಗೋಡೆಗಳು ಬೆವರಿದ್ದವು. ಬೀಗ ತೆಗೆದೆ, ಊದಿನಕಡ್ಡಿ ಹಚ್ಚಿದೆ, ಎರಡನ್ನು ಸಿಆರ್‌ಓದ ತಲೆಗೆ ಸಿಗಿಸಿದೆ, ಕೈ ಮುಗಿದೆ. ಮರುದಿನದ ತಯಾರಿಗೆಂದು ಸ್ವಿಚ್ ಹಾಕಿದೆ. ಟ್ಯೂಬು ಕಾದು ಗೆರೆ ಬಂತು. ಬಂದು ಹಾಗೇ ಉಬ್ಬುತ್ತ ಹೋಯಿತು. ಬೆರಳುಗಾತ್ರ, ಹೆಬ್ಬೆರಳುಗಾತ್ರ, ಆಮೇಲೆ ಪರದೆ ತುಂಬ ಹಸಿರು ಮಬ್ಬು. ಇಂಟೆನ್ಸಿಟಿ ತಿರುವಿದೆ. ಪೂರಾ ತಿರುವಿದೆ. ಏನೂ ಆಗಲಿಲ್ಲ.

ಲ್ಯಾಬಿನಲ್ಲಿ ನನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಗಿ ಬ್ಯಾಡಗಿಯಲ್ಲಿದ್ದಳು. ನಾಬಿನ ಮೇಲೆ ನನ್ನ ಕೈ ಇತ್ತು. ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ, ಆಗ ನನಗೂ ಗೊತ್ತಾಗಲಿಲ್ಲ. ಕಿವಿ ಕೊಟ್ಟು ಕೇಳಿದೆ. ಪೆಟ್ಟಿಗೆಯ ಒಳಗಿಂದ ಒಗ್ಗರಣೆಯ ಸಾಸಿವೆಯಂತೆ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು. ಮೂಗು ಹತ್ತಿರ ಒಯ್ದರೆ ಸುಟ್ಟ ವಾಸನೆ, ಅದರ ಜೊತೆಗೆ ಊದಿನಕಡ್ಡಿಯ ವಾಸನೆ. ಮೇಲಿನಿಂದಲ್ಲ, ಒಳಗಿನಿಂದ.

ಆರಿಸಿ ಪಿನ್ ಕಿತ್ತೆ. ಒಳಗೆ ನಿಂತಿರುವ ಹೈ ವೋಲ್ಟೇಜನ್ನು ರೆಸಿಸ್ಟರ್ ಕಟ್ಟಿದ ಕಡ್ಡಿಯಿಂದ ಇಳಿಸಿದೆ. ಕೆಳಗಿನ ಮುಚ್ಚಳ ಎಷ್ಟು ಸಲ ಬಿಚ್ಚಿದ್ದೆನೋ, ಮೇಲಿನದನ್ನು ಅಂದು ಮೊದಲ ಸಲ ಬಿಚ್ಚಿದೆ. ಯಾಕೆ ಬಿಚ್ಚಿರಲಿಲ್ಲ ಹೇಳಲೇ? ಮೇಲೆ ಕುಂಕುಮವಿತ್ತು. ಬಿಚ್ಚಿದರೆ ಅಳಿಸಿಹೋದೀತು ಎಂದು.

ಆ ಸೀಳುಗಳ ಸರಿಯಾಗಿ ಕೆಳಗೆ ಹೈ ವೋಲ್ಟೇಜ್ ಬೋರ್ಡಿತ್ತು. ಬೆಳಕನ್ನೂ ಫೋಕಸ್ಸನ್ನೂ ಹಿಡಿತದಲ್ಲಿಡುವ ರೆಸಿಸ್ಟರ್‌ಗಳ ಸಾಲು ಅದೇ ಬೋರ್ಡಿನ ಮೇಲೆ. ಆ ಸಾಲಿನ ಮೇಲೆ ಬೂದಿ, ಬೆರಳೊತ್ತಿದರೆ ಗುರುತು ಮೂಡುವಷ್ಟು ದಪ್ಪ. ನಡುವೆ ಬಿದಿರು ಕಡ್ಡಿಯ ತುದಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು, ಉರಿದು ಮುಗಿದವು ಸೀಳಿನಿಂದ ಒಳಗೆ ಜಾರಿದ್ದವು. ಒಂದು ಕಡೆ ಬೋರ್ಡು ಕಪ್ಪಗೆ ಗೆರೆ ಬಿದ್ದು ಸುಟ್ಟಿತ್ತು. ಎಲ್ಲ ತಿಳಿಯಿತು. ಬೂದಿ ರಾತ್ರಿಯ ತಂಪಿನಲ್ಲಿ ಪಸೆ ಹೀರುತ್ತದೆ. ಪಸೆಯಾದ ಬೂದಿಯೊಳಗೆ ಎರಡು ಸಾವಿರ ವೋಲ್ಟು ಅಡ್ಡದಾರಿ ಹಿಡಿದು ಹರಿಯುತ್ತದೆ. ಗೆರೆ ಉಬ್ಬುತ್ತದೆ. ಹೊತ್ತೇರಿ ಹವೆ ಬಿಸಿಯಾದ ಮೇಲೆ ಬೂದಿ ಒಣಗುತ್ತದೆ, ಗೆರೆ ಸಣ್ಣಗಾಗುತ್ತದೆ. ಮುಂಜಾನೆ ಕೆಡುತ್ತದೆ, ಮಧ್ಯಾಹ್ನ ಸರಿಯಾಗುತ್ತದೆ. ಮಳೆಗೆ ಕೆಡುತ್ತದೆ, ಬಿಸಿಲಿಗೆ ಸರಿಯಾಗುತ್ತದೆ. ಆ ಹುಡುಗಿ ತಿಂಗಳುಗಟ್ಟಲೆ ಬಡಿದುಕೊಂಡಿದ್ದು ಇದನ್ನೇ.

ಆ ಬಿದಿರು ತುದಿಗಳನ್ನು ಒಂದೊಂದಾಗಿ ಆರಿಸಿ ತೆಗೆದು ಕಾಗದದಲ್ಲಿ ಪೊಟ್ಟಣ ಕಟ್ಟಿದೆ. ಬಾಯಿಗೆ ಬಂದಂತೆ ಬೈದುಕೊಂಡೆ, ಗಟ್ಟಿಯಾಗಿಯೇ. ಬಣ್ಣದ ಬ್ರಶ್ಶಿನಿಂದ ಬೂದಿ ಗುಡಿಸಿದೆ, ಸ್ಪಿರಿಟ್ಟಿನಿಂದ ಬೋರ್ಡು ತೊಳೆದೆ, ಸುಟ್ಟ ಜಾಗವನ್ನು ಬ್ಲೇಡಿನಿಂದ ಕೆರೆದು ತೆಗೆದೆ. ದೊಡ್ಡ ಬಲ್ಬೊಂದನ್ನು ಮೇಲೆ ಹಿಡಿದು ಎರಡು ತಾಸು ಒಣಗಿಸಿದೆ. ಹೊರಗೆ ಮಳೆ ಹಾಗೇ ಸುರಿಯುತ್ತಿತ್ತು. ಸ್ವಿಚ್ ಹಾಕಿದೆ. ಗೆರೆ ಬಂತು, ಕೂದಲೆಳೆಯಷ್ಟು ಸಣ್ಣ, ಅಲ್ಲಾಡದೆ ನಿಂತಿತು. ಒಡೆದು ಹಾಕಬೇಕು ಎನಿಸಿತು ಆ ಪರದೆಯನ್ನು.

ಸೀದಾ ಸಾಹೇಬರ ಕೋಣೆಗೆ ಹೋದೆ. ಮೇಜಿನ ಮೇಲೆ ಬಿದಿರು ತುದಿಗಳ ಪೊಟ್ಟಣ ಬಿಚ್ಚಿದೆ. "ಸಿಆರ್‌ಓ ಕೆಡಸಿದಾಂವ ನಾನ್ರಿ. ರಜಿಸ್ಟರ್ ಕೊಡ್ರಿ ಇಲ್ಲೆ."

ಅವರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. "ತಲಿ ಕೆಟ್ಟೈತೇನ್ರಿ ನಿಮಗ? ಊದಿನಕಡ್ಡಿಯಿಂದ ಕೆಟ್ಟೈತಿ ಅಂತ ರಜಿಸ್ಟರಿನ್ಯಾಗ ಬರೀತೀರೇನು? ಮಂದಿ ಏನಂದಾರು? ಧೂಳು ಹೊಕ್ಕಿತ್ತು ಅಂತ ಬರೀರಿ, ಮುಗೀತು."

"ಧೂಳು ತಾನ ನಡಕೋತ ಒಳಗ ಹೋಗಿಲ್ರಿ. ನನ್ನ ಕೈಯಿಂದ ಹೋಗೇತಿ."

"ಮತ್ತ ಆ ಹುಡಗಿ ಹೆಸರು? ಬರದದ್ದು ಬರದಾತಲ್ರೀ. ಹೆಂಗೂ ಆಕಿ ಬರೂದು ಬಿಟ್ಟಾಳ."

ಮೈಯೆಲ್ಲ ಉರಿದುಹೋಯಿತು. ಇಷ್ಟೇ ತಾನೆ ಇವರಿಗೆ, ಬರೂದು ಬಿಟ್ಟಾಳ! ನಾನು ಆ ಕೋಣೆಯಲ್ಲಿ ಏನೇನು ಕೂಗಾಡಿದೆ ಎಂದು ಪೂರ್ತಿ ನೆನಪಿಲ್ಲ. ಆಫೀಸಿನ ಮಂದಿ ಬಾಗಿಲಿಗೆ ಬಂದು ನಿಂತಿದ್ದು ನೆನಪಿದೆ. ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರ ಮುಂದೆ ಈ ಪೊಟ್ಟಣ ಬಿಚ್ಚುತ್ತೇನೆ ಎಂದಿದ್ದು ನೆನಪಿದೆ. ಆ ಮಾತಿಗೆ ಸಾಹೇಬರು ರಜಿಸ್ಟರನ್ನು ನನ್ನ ಕಡೆ ತಳ್ಳಿದರು. ಅವಳ ರೋಲ್ ನಂಬರಿನ ಮೇಲೆ ಒಂದು ಗೆರೆ ಎಳೆದು, ಅಲ್ಲಿ "ಇನ್‌ಸ್ಟ್ರಕ್ಟರ್" ಎಂದು ಬರೆದು, ಕಾರಣದ ಮನೆಯಲ್ಲಿ "ಊದಿನಕಡ್ಡಿಯ ಬೂದಿ" ಎಂದು ಬರೆದೆ. "ನಾಳೆ ಒಂಬತ್ತಕ್ಕ ಆಕಿ ಇಲ್ಲಿದ್ರ ಕುಂದ್ರಲಿ. ಇಲ್ಲಂದ್ರ ನನಗ ಕೇಳಬ್ಯಾಡ್ರಿ" ಎಂದರು ಅವರು.

ಸಿಕ್ಕ ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಮನೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಹೋದರೆ, ತಾಯಿಯೂ ಮಗಳೂ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಕೂತಿದ್ದಾರೆ ಎಂದರು. ಮಗಳೂ! ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹಳೆಯ ಮೆಣಸಿನಕಾಯಿಯ ರಾಶಿ, ಸುತ್ತ ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಬಾಗಿಲಲ್ಲಿ ನಿಂತ ಕೂಡಲೇ ನನಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಸುರಿಯಿತು. ರಾಶಿಯ ಹಿಂದಿನಿಂದ ಒಬ್ಬಳು ಎದ್ದು ಮುಖದ ಬಟ್ಟೆ ಇಳಿಸಿದಳು. ಆ ಹಗುರ ಕೈಗಳು ಮೊಣಕೈವರೆಗೆ ಕೆಂಪಗಾಗಿದ್ದವು.

"ಸರ! ನೀವ್ಯಾಕ ಬಂದೀರಿ ಇಲ್ಲೆ? ಘಾಟು ಐತ್ರಿ, ಹೊರಗ ನಡೀರಿ."

ಹೊರಗೆ ಬಂದು, ಕೆಮ್ಮುತ್ತಲೇ ಎಲ್ಲ ಹೇಳಿದೆ. ನಾಳೆ ಪರೀಕ್ಷೆಗೆ ಬರಬೇಕು ಎಂದೆ. ಅವಳು ತಾಯಿಯ ಮುಖ ನೋಡಿದಳು. ಆ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹದಿನೈದು ದಿನಾ ಕೂಸು ಅತ್ತೈತ್ರಿ ಸಾಹೇಬ್ರ. ನೀವು ಕಲತೋರು. ಒಂದ್ಸಲ ಖರೇ ಸುಳ್ಳ ನೋಡಬೇಕಿತ್ತಲ್ರೀ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳಿ ಮುಂಜಾನಿ ಗಾಡಿಗೆ ಕಳಸ್ತೇನ್ರಿ" ಎಂದು ಒಳಗೆ ಹೋದರು. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ಕೆಮ್ಮಿನ ನಡುವೆ ಅದನ್ನು ನುಂಗಿಬಿಟ್ಟೆ. ಅದಕ್ಕೂ ನನ್ನ ಮೇಲೆ ಸಿಟ್ಟಿದೆ.

ಮರುದಿನ ಮುಂಜಾನೆಯೂ ಮಳೆ ನಿಂತಿರಲಿಲ್ಲ. ಗಾಡಿ ಬ್ಯಾಡಗಿಯಲ್ಲಿ ನಿಂತಾಗ ಕಿಟಕಿಗೆ ಮುಖ ಹಚ್ಚಿ ನೋಡಿದೆ, ಅವಳು ಹತ್ತಿದಳು. ಕಾಲೇಜಿಗೆ ಹೋದವನೇ ಸಾಹೇಬರ ಕಪಾಟಿನಿಂದ ಅವಳ ಜರ್ನಲ್ ತಂದು ಸಹಿ ಹಾಕಲು ಕೂತೆ. ಅವಳು ಮುದುಕನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಪ್ರಯೋಗಗಳೆಲ್ಲ ಮುಗಿದ ಮೇಲೆ, ಪುಸ್ತಕದ ಕೊನೆಯ ಹಾಳೆಗಳಲ್ಲಿ ಪೆನ್ಸಿಲ್ಲಿನಿಂದ ಮನೆ ಹಾಕಿದ್ದ ಒಂದು ಪಟ್ಟಿ ಸಿಕ್ಕಿತು. ತಾರೀಖು, ಹೊತ್ತು, ಮಳಿಯೋ ಬಿಸಲೋ, ಗೆರೆ ದಪ್ಪವೋ ಸಣ್ಣದೋ. ಜುಲೈನಿಂದ ಜರ್ನಲ್ ಇಸಿದುಕೊಂಡ ದಿನದವರೆಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಕೈ ಚಾಚಿದ್ದರೆ ಅಂದೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ಆಗಸ್ಟಿನ ಒಂದು ದಿನದ ಮುಂದೆ ರಬ್ಬರಿನಿಂದ ಉಜ್ಜಿ ಅಳಿಸಿದ ಗುರುತಿತ್ತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲ್ ಒತ್ತಿದ ಗೀರು ಉಳಿದಿತ್ತು, ಓದಲು ಬಂತು. "ಊದಿನಕಡ್ಡಿ ಬೂದಿ ಒಳಗ ಬೀಳಾಕತ್ತೈತೇನೋ?"

ರೀಡಿಂಗ್ ತಪ್ಪಾದರೂ ಅಳಿಸಬೇಡಿ, ಒಂದು ಗೆರೆ ಎಳೆಯಿರಿ, ಕೆಳಗಿನದು ಓದುವ ಹಾಗಿರಲಿ ಎಂದು ಮೊದಲ ದಿನವೇ ಕಲಿಸುವವನು ನಾನು. ಆ ತರಗತಿಯಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವಳು ಅವಳೊಬ್ಬಳೇ.

"ಇದನ್ಯಾಕ ಅಳಿಸಿದಿ?" ಎಂದು ಕೇಳಿದೆ. ದನಿಯಲ್ಲಿ ಸಿಟ್ಟಿತ್ತು.

ಅವಳು ನಾಬಿನಿಂದ ಕೈ ತೆಗೆದಳು. "ನಾ ಹೇಳಿದ್ರ ಅದು ಬ್ಯಾರೇನ ಆಗತಿತ್ತರಿ ಸರ" ಎಂದಳು.

ಬೇರೆಯೇ ಆಗುತ್ತಿತ್ತು. ಬೇರೆ ಯಾರಿಗಲ್ಲ, ಮೊದಲು ನನಗೇ ಆಗುತ್ತಿತ್ತು. ನಮ್ಮ ಪೂಜೆಗೆ ಹೆಸರಿಡಲು ನೀನ್ಯಾರು ಎಂದು ಅಂದೇಬಿಡುತ್ತಿದ್ದೆ, ಅನ್ನದಿದ್ದರೂ ಮುಖದಲ್ಲಿ ತೋರಿಸುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಬೇಜವಾಬ್ದಾರಿ ಎಂದು ಬರೆಸಿಕೊಂಡಳು, ಹೊರಗೆ ಹೋದಳು, ಮೆಣಸಿನಕಾಯಿಯ ಘಾಟಿನಲ್ಲಿ ಕೂತಳು, ಆ ಒಂದು ಸಾಲು ಮಾತ್ರ ಹೇಳಲಿಲ್ಲ. ಪೆನ್ನು ತೆಗೆದು, ಅಳಿಸಿದ ಗೀರಿನ ಮೇಲೆಯೇ ಅವಳ ಆ ಸಾಲನ್ನು ಶಾಯಿಯಲ್ಲಿ ಮತ್ತೆ ಬರೆದೆ, ಕೆಳಗೆ "ಖರೆ" ಎಂದು ಬರೆದು ಸಹಿ ಹಾಕಿದೆ. ಕಾಗದ ಹರಿಯುವಷ್ಟು ಒತ್ತಿ ಬರೆದೆ.

ಜರ್ನಲ್ ಕೊಟ್ಟೆ. ಅವಳು ಅದನ್ನು ನೋಡಿ ಮುಚ್ಚಿದಳು. ಆಮೇಲೆ ಗೋಡೆಯ ಮೇಲಿನ ಫೋಟೋ ನೋಡಿದಳು, ಸಿಆರ್‌ಓದ ಬೋಳು ತಲೆ ನೋಡಿದಳು.

"ಇವತ್ತ ಊದಿನಕಡ್ಡಿ ಹಚ್ಚಿಲ್ಲೇನ್ರಿ ಸರ?"

"ಇಲ್ಲ. ಇನ್ನ ಹಚ್ಚೂದಿಲ್ಲ" ಎಂದೆ, ಕಡಕ್ಕಾಗಿ.

"ಯಾಕ್ರಿ? ಹಚ್ರಿ ಸರ, ಪರೀಕ್ಷಾ ದಿನಾ ಐತಿ. ಆ ಕಿಟಕ್ಯಾಗ ಇಡ್ರಿ. ಬೂದಿ ಹೊರಗ ಬೀಳತೈತಿ."

ಇಷ್ಟು ಹೇಳಿ ಅವಳು ಸ್ವಿಚ್ ಹಾಕಿದಳು. ಗೆರೆ ಸಣ್ಣಗೆ ಬಂತು. ನಾನು ಊದಿನಕಡ್ಡಿ ಹಚ್ಚಿಕೊಂಡು ಕಿಟಕಿಯ ಕಡೆ ಹೋದೆ, ಮಳೆಗಾಳಿಗೆ ಎರಡು ಸಲ ಆರಿತು. ಆ ವರ್ಷ ಅವಳು ಪಾಸಾದಳು. ಕಿಟಕಿ ಸಿಆರ್‌ಓದಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು, ಮೊದಲಿನಿಂದಲೂ ಅಲ್ಲೇ ಇತ್ತು.